ವಾರ್ಡಿಗೆ ಬಂದುಹೋಗುವ ಮಕ್ಕಳ ವೈದ್ಯರು ಯಾರು ಯಾರು?

ಪ್ರಶ್ನೆ: ಒಂದೂವರೆ ವರ್ಷದ ನನ್ನ ಮೊಮ್ಮಗನನ್ನು ನ್ಯುಮೋನಿಯಾ ಎಂದು ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸೇರಿಸಿದ್ದೆವು. ಮಗು ಈಗ ಗುಣವಾಗಿದೆ. ಆದರೆ ದಿನಕ್ಕೆ ನಾಲ್ಕೈದು ಮಂದಿ ಬಂದು, ಹುಟ್ಟಿದಾಗ ತೂಕವೆಷ್ಟು, ಕೂಡಲೇ ಅತ್ತಿತೇ ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. ರಾತ್ರಿ ನೋಡಿಕೊಳ್ಳುತ್ತಿದ್ದವರು ನನ್ನ ಮಗಳಿಗಿಂತ ಚಿಕ್ಕವರು. ಅವರಲ್ಲೊಬ್ಬರಿಗೆ ಕನ್ನಡವೂ ಸರಿಯಾಗಿ ಬರುತ್ತಿರಲಿಲ್ಲ. ಕಲಿಯುವವರ ಕೈಗೆ ಮಗುವನ್ನು ಒಪ್ಪಿಸಿದಂತಾಯಿತೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಕಲಿಯುವವರ ಕೈಗೆ ಒಪ್ಪಿಸಿದ್ದು ನಿಜ, ಆದರೆ ರಾತ್ರಿ ನೀವು ಕಂಡ ಆ ಚಿಕ್ಕವರು ಬಹುಮಟ್ಟಿಗೆ ಆಗಲೇ ವೈದ್ಯರಾಗಿರುವವರು. ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್. ಓದು ಮತ್ತು ಒಂದು ವರ್ಷದ ಹೌಸ್ ಸರ್ಜನ್ ಸೇವೆ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ಆಮೇಲೆ ನೀಟ್ ಪಿ.ಜಿ. ಎಂಬ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳ ವಿಭಾಗಕ್ಕೆ ಬಂದವರನ್ನು ವಾರ್ಡಿನಲ್ಲಿ ಎಲ್ಲರೂ 'ಪಿ.ಜಿ.' (ಸ್ನಾತಕೋತ್ತರ ವಿದ್ಯಾರ್ಥಿ) ಎಂದು ಕರೆಯುತ್ತಾರೆ. ಇವರ ಎಂ.ಡಿ. ಎಂಬ ತಜ್ಞ ಪದವಿಯ ವ್ಯಾಸಂಗ ಮೂರು ವರ್ಷದ್ದು. ಆ ಅವಧಿಯಲ್ಲಿ ಒಂದು ಪ್ರಬಂಧ ಬರೆಯಬೇಕು, ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. ಉಳಿದ ಕಾಲದ ಬಹುಪಾಲು ವಾರ್ಡು, ಹೊರರೋಗಿ ವಿಭಾಗ, ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲೇ ಕಳೆಯುತ್ತದೆ.

ಅವರೊಂದಿಗೆ ಎಂ.ಬಿ.ಬಿ.ಎಸ್. ಓದು ಮುಗಿಸಿ ಒಂದು ವರ್ಷದ ತರಬೇತಿಯಲ್ಲಿರುವ ಹೌಸ್ ಸರ್ಜನ್ನರೂ ಇರುತ್ತಾರೆ. ಇವರದು ತಾತ್ಕಾಲಿಕ ನೋಂದಣಿಯಾದ್ದರಿಂದ ಹಿರಿಯರ ಮೇಲ್ವಿಚಾರಣೆಯಲ್ಲಷ್ಟೇ ಕೆಲಸ ಮಾಡಬಹುದು. ಬೆಳಿಗ್ಗೆ ಗುಂಪಾಗಿ ಬಂದು ಮಂಚದ ಸುತ್ತ ನಿಲ್ಲುವವರು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು; ಔಷಧಿ ಬರೆಯುವ ಅಧಿಕಾರ ಇವರಿಗಿಲ್ಲ. ಪಿ.ಜಿ.ಗಳ ಮೇಲೆ ಎಂ.ಡಿ. ಮುಗಿಸಿದ ಸೀನಿಯರ್ ರೆಸಿಡೆಂಟ್, ಅವರ ಮೇಲೆ ಸಹಾಯಕ ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಎಲ್ಲರಿಗೂ ಮೇಲೆ ಯೂನಿಟ್ಟಿನ, ಅಂದರೆ ಈ ವೈದ್ಯರ ತಂಡದ, ಮುಖ್ಯಸ್ಥರು. ಮಗು ದಾಖಲಾಗುವುದು ಈ ಮುಖ್ಯಸ್ಥರ ಹೆಸರಿನಲ್ಲಿ. ಕೇಸ್ ಶೀಟಿನಲ್ಲಿ ಅವರ ಹೆಸರಿರುತ್ತದೆ. ಅನುಮಾನವಿದ್ದಾಗ ಆ ಹೆಸರನ್ನು ಕೇಳಿ ತಿಳಿದುಕೊಂಡು, ರೌಂಡ್ಸ್ ಹೊತ್ತಿನಲ್ಲಿ ಅವರೊಡನೆ ನೇರವಾಗಿ ಮಾತನಾಡುವುದಕ್ಕೆ ಸಂಕೋಚ ಬೇಡ.

ಕೇಳಿದ್ದನ್ನೇ ಕೇಳುವುದರ ಬೇಸರ ನನಗೆ ಅರ್ಥವಾಗುತ್ತದೆ, ನಾನೂ ಪಿ.ಜಿ.ಯಾಗಿದ್ದಾಗ ತಾಯಂದಿರಿಂದ ಬೈಸಿಕೊಂಡವನೇ. ಆದರೆ ಒಂದೂವರೆ ವರ್ಷದ ಮಗು ತನಗೆಲ್ಲಿ ನೋವೆಂದು ಹೇಳಲಾರದು. ಅದರ ಪರವಾಗಿ ಮಾತನಾಡುವುದು ತಾಯಿ, ಇಲ್ಲವೇ ನಿಮ್ಮಂತಹ ಅಜ್ಜ ಅಜ್ಜಿಯರು. ಹುಟ್ಟಿದ ಕೂಡಲೇ ಅಳದ ಮಗುವಿನ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿತ್ತೇ, ಲಸಿಕೆಗಳೆಲ್ಲ ಆಗಿವೆಯೇ ಎಂಬಂತಹ ವಿವರಗಳು ಕೆಮ್ಮಿಗೆ ಸಂಬಂಧವಿಲ್ಲವೆಂದು ತೋರಿದರೂ ಚಿಕಿತ್ಸೆಯ ದಾರಿಯನ್ನು ಬದಲಿಸಬಲ್ಲವು. ಮೊದಲ ದಿನದ ಗಾಬರಿಯಲ್ಲಿ ಮರೆತದ್ದು ಮೂರನೆಯ ಸಲ ಕೇಳಿದಾಗ ನೆನಪಾದ ಉದಾಹರಣೆಗಳು ಬೇಕಾದಷ್ಟಿವೆ. ತಾಯಿ ಕಾರ್ಡನ್ನು ಜೊತೆಗೆ ಒಯ್ದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ತೂಕವನ್ನು ಮತ್ತೆ ಮತ್ತೆ ನೋಡುವುದಕ್ಕೂ ಕಾರಣವುಂಟು: ಮಕ್ಕಳಿಗೆ ಬಹುತೇಕ ಔಷಧಿಗಳ ಪ್ರಮಾಣವನ್ನು ನಿರ್ಧರಿಸುವುದು ಕಿಲೋ ಲೆಕ್ಕದಲ್ಲಿ.

ಭಾಷೆಯ ವಿಷಯದಲ್ಲಿ ಮಾತ್ರ ನಿಮ್ಮ ದೂರು ನ್ಯಾಯವಾದದ್ದು. ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಶೇ. 50ರಷ್ಟು ಅಖಿಲ ಭಾರತ ಕೋಟಾದಲ್ಲಿ ಭರ್ತಿಯಾಗುವುದರಿಂದ ಬೇರೆ ರಾಜ್ಯಗಳವರೂ ಬರುತ್ತಾರೆ. ಅದೇ ತಂಡದಲ್ಲಿ ನಮ್ಮ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲವು ವರ್ಷ ದುಡಿದು, ಸೇವಾನಿರತರ ಕೋಟಾದಲ್ಲಿ ಓದಲು ಬಂದವರೂ ಇರಬಹುದು. ಹೊರಗಿನವರು ಕೆಲವೇ ತಿಂಗಳಲ್ಲಿ 'ಹಾಲು ಕುಡೀತಾ ಇದೆಯಾ, ಉಚ್ಚೆ ಮಾಡ್ತಾ' ಎಂದು ಕೇಳುವಷ್ಟು ಕನ್ನಡ ಕಲಿತುಬಿಡುತ್ತಾರೆ, ಆದರೆ ಗಂಭೀರ ವಿಷಯವನ್ನು ತಿಳಿಸಲು ಅಷ್ಟು ಸಾಲದು. ಅಂತಹ ಹೊತ್ತಿನಲ್ಲಿ ಕನ್ನಡ ಬಲ್ಲ ವೈದ್ಯರೊಬ್ಬರು ಬಂದು ವಿವರಿಸಲಿ ಎಂದು ಕೇಳುವುದು ಮನೆಯವರ ಹಕ್ಕು. ವಾರ್ಡಿನಲ್ಲಿ ಯಾರು ಯಾರೆಂದು ಮೊದಲ ದಿನವೇ ತಿಳಿಸಿಬಿಟ್ಟಿದ್ದರೆ ನೀವು ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಪ್ರಶ್ನೆ: ನಮ್ಮೂರಿನ ಮಕ್ಕಳ ಡಾಕ್ಟರ ಫಲಕದಲ್ಲಿ ಎಂ.ಡಿ. ಇಲ್ಲ, ಡಿ.ಸಿ.ಎಚ್. ಎಂದಿದೆ. ಇವರು ಮಕ್ಕಳ ತಜ್ಞರೇ?
– ಗೃಹಿಣಿ, ಪಾಂಡವಪುರ

ಉತ್ತರ: ಹೌದು. ಡಿ.ಸಿ.ಎಚ್. ಎಂ.ಬಿ.ಬಿ.ಎಸ್. ನಂತರದ ಎರಡು ವರ್ಷದ ಡಿಪ್ಲೊಮಾ. ಪ್ರಬಂಧ ಬರೆಯುವುದನ್ನು ಬಿಟ್ಟರೆ ವಾರ್ಡಿನ ತರಬೇತಿ ಬಹುಮಟ್ಟಿಗೆ ಎಂ.ಡಿ.ಯವರೊಂದಿಗೇ ನಡೆಯುತ್ತಿತ್ತು. ಈಚೆಗೆ ವೈದ್ಯಕೀಯ ಕಾಲೇಜುಗಳ ಅನೇಕ ಡಿಪ್ಲೊಮಾ ಸೀಟುಗಳು ಎಂ.ಡಿ. ಸೀಟುಗಳಾಗಿ ಬದಲಾಗಿರುವುದರಿಂದ ಈ ಪದವಿ ಹಿರಿಯರ ಫಲಕಗಳಲ್ಲೇ ಹೆಚ್ಚಾಗಿ ಕಾಣಿಸುತ್ತದೆ. ಎಂ.ಡಿ.ಗೆ ಸಮಾನವಾದ ಡಿ.ಎನ್.ಬಿ. ಎಂದಿದ್ದರೂ ತಜ್ಞರೇ. ಡಿ.ಎಂ. ನಿಯೋನೇಟಾಲಜಿ ಎಂದಿದ್ದರೆ, ಎಂ.ಡಿ. ನಂತರ ಮತ್ತೆ ಮೂರು ವರ್ಷ ನವಜಾತ ಶಿಶುಗಳ ಚಿಕಿತ್ಸೆಯನ್ನೇ ಕಲಿತವರೆಂದು ತಿಳಿಯಿರಿ. ನೆಗಡಿ ಜ್ವರಕ್ಕೆ ಅವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪದವಿಯ ಬಗ್ಗೆ ಸಂದೇಹವಿದ್ದರೆ ಔಷಧಿ ಚೀಟಿಯನ್ನು ನೋಡಿ: ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕೆಂಬ ನಿಯಮವಿದೆ.