ಮ್ಯಾಡಿಸನ್‌ನಲ್ಲಿ ಅಪ್ಪ ಅಮ್ಮನಿಗೆ ಏನು ತೋರಿಸೋದು?

ಅಪ್ಪ ಅಮ್ಮನ ಜೊತೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಎರಡು ದಿನ ಇದ್ದರೂ ನೋಡೋಕೆ ಏನೂ ಸಿಗಲಿಲ್ಲ ಅಂದಿದ್ದೀರಿ. ಉಳಿದದ್ದು ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ, ಸುತ್ತಿದ್ದು ಮಾಲ್, ಅದೂ ಮಂಗಳವಾರ. ಬಹುಶಃ ಅದೇ ಕಾರಣ. ಮ್ಯಾಡಿಸನ್‌ನ ಜೀವ ಇರುವುದು ಮೆಂಡೋಟಾ, ಮೊನೋನಾ ಸರೋವರಗಳ ನಡುವಿನ ಕಿರಿದಾದ ಜಾಗದಲ್ಲಿ. ಮುಂದಿನ ಸಲ ಶನಿವಾರ ಹೋಗಿ.

ಬೆಳಿಗ್ಗೆ ಎಂಟಕ್ಕೇ ಕ್ಯಾಪಿಟಲ್ (ರಾಜ್ಯದ ಶಾಸನಸಭೆ) ಕಟ್ಟಡದ ಸುತ್ತ ನಡೆಯುವ ರೈತರ ಸಂತೆಗೆ ಹೋಗಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅಲ್ಲಿರುತ್ತದೆ. ಎಲ್ಲರೂ ಕಟ್ಟಡವನ್ನು ಎಡಕ್ಕೆ ಬಿಟ್ಟುಕೊಂಡು ಸುತ್ತುತ್ತಾರೆ, ನಮ್ಮ ಪ್ರದಕ್ಷಿಣೆಗೆ ಪೂರ್ತಿ ಉಲ್ಟಾ. ತಾಜಾ ಚೀಸ್ ಕರ್ಡ್ಸ್, ಅಂದರೆ ಹೊಸ ಚೀಸ್‌ನ ಸಣ್ಣ ತುಂಡುಗಳು, ತಗೊಳ್ಳಿ. ಹೊಸದಾಗಿದ್ದರೆ ಕಚ್ಚಿದಾಗ ಹಲ್ಲಿನ ಕೆಳಗೆ ಕಿಚ್ ಕಿಚ್ ಅನ್ನುತ್ತದೆ. ಅಮ್ಮನಿಗೆ ಹಿಡಿಸುತ್ತೋ ಇಲ್ಲವೋ ಹೇಳಲಾರೆ. ಸಸ್ಯಾಹಾರಿಗಳಾದರೆ ಮೊದಲು ರೆನೆಟ್ (ಹಾಲು ಗಟ್ಟಿಯಾಗಿಸಲು ಹಾಕುವ ಪದಾರ್ಥ) ಯಾವುದು ಅಂತ ಕೇಳಿ, ಕೆಲವದರಲ್ಲಿ ಕರುವಿನ ಹೊಟ್ಟೆಯದು ಹಾಕಿರುತ್ತಾರೆ.

ಆಮೇಲೆ ಕ್ಯಾಪಿಟಲ್ ಒಳಗೆ ಹೋಗಿ, ಪ್ರವೇಶ ಉಚಿತ. ಗುಮ್ಮಟದ ಕೆಳಗೆ ನಿಂತು ತಲೆ ಎತ್ತಿ ನೋಡಿ.

ಮಧ್ಯಾಹ್ನ ಕಾರಿನಲ್ಲಿ ಓಲ್‌ಬ್ರಿಕ್ ತೋಟ. ಅಲ್ಲಿನ ಚಿನ್ನದ ಹೊಳಪಿನ ಥಾಯ್ ಮಂಟಪ ನಿಮ್ಮ ತಂದೆಗೆ ಖಂಡಿತ ಇಷ್ಟವಾಗುತ್ತದೆ.

ಸಂಜೆಗೆ ವಿಶ್ವವಿದ್ಯಾಲಯದ ಮೆಮೋರಿಯಲ್ ಯೂನಿಯನ್ ಟೆರೇಸ್. ಹಳದಿ, ಹಸಿರು, ಕಿತ್ತಳೆ ಬಣ್ಣದ ಕುರ್ಚಿ ಹಿಡಿದು ಮೆಂಡೋಟಾ ಕಡೆ ಮುಖ ಮಾಡಿ ಸುಮ್ನೆ ಕೂರಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೋಗಿ, ಆಮೇಲೆ ಕುರ್ಚಿ ಸಿಗುವುದು ಕಷ್ಟ.