ಗಾಢ ದ್ರಾವಣದ ಕ್ಯಾಲಿಬ್ರೇಶನ್ ಗ್ರಾಫ್ ಏಕೆ ಬಾಗುತ್ತದೆ?

ಎಂಎಸ್ಸಿ ಲ್ಯಾಬಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಗ್ರಾಫ್ ಕೆಳಗೆ ನೇರವಾಗಿದ್ದು ಮೇಲೆ ಬಾಗಿತು, ಹಾಗಾದರೆ ಸಾರತೆ (ದ್ರಾವಣದ ಗಾಢತೆ) ಹೆಚ್ಚಿದಂತೆ ಅಬ್ಸಾರ್ಬೆನ್ಸ್ ಅದೇ ಅನುಪಾತದಲ್ಲಿ ಏರುತ್ತದೆ ಎನ್ನುವ ಬಿಯರ್-ಲ್ಯಾಂಬರ್ಟ್ ನಿಯಮ ತಪ್ಪೇ ಎಂದು ಕೇಳಿದ್ದೀರಿ. ನಿಯಮದ ಮೇಲೆ ಅನುಮಾನ ಪಡುವ ಮೊದಲು ಬೆಳಕು ಅಳೆಯುವ ಉಪಕರಣವನ್ನು (ಸ್ಪೆಕ್ಟ್ರೋಫೋಟೋಮೀಟರ್) ಅನುಮಾನಿಸಿ.

ಅಬ್ಸಾರ್ಬೆನ್ಸ್, ಅಂದರೆ ದ್ರಾವಣ ಎಷ್ಟು ಬೆಳಕು ಹೀರಿತು ಎಂಬ ಅಳತೆ, ಲಾಗರಿದಮ್ ಲೆಕ್ಕದ ಸಂಖ್ಯೆ. 1 ಬಂದರೆ ದ್ರಾವಣ ದಾಟಿ ಬಂದ ಬೆಳಕು ಶೇ. 10, 2 ಬಂದರೆ ಬರೀ ಶೇ. 1. ಈಗ ಒಂದೇ ತರಂಗಾಂತರದ ಬೆಳಕನ್ನು ಆರಿಸಿ ಕಳಿಸಬೇಕಾದ ಮಾನೋಕ್ರೊಮೇಟರಿನಿಂದ ಬೇರೆ ತರಂಗಾಂತರದ ಬೆಳಕು ಶೇ. 1ರಷ್ಟು ಸೋರಿ, ದ್ರಾವಣದಲ್ಲಿ ಹೀರಲ್ಪಡದೆ ಡಿಟೆಕ್ಟರ್ ತಲುಪಿತು ಅಂದುಕೊಳ್ಳಿ. ತೆಳು ದ್ರಾವಣದಲ್ಲಿ ಅದು ಲೆಕ್ಕಕ್ಕಿಲ್ಲ. ಗಾಢ ದ್ರಾವಣದಲ್ಲಿ ಮಾತ್ರ ಅಸಲಿ ಬೆಳಕಿನಷ್ಟೇ ಕಳ್ಳ ಬೆಳಕೂ ಸೇರಿ, 2 ತೋರಿಸಬೇಕಾದ ಕಡೆ ಸುಮಾರು 1.7 ತೋರಿಸುತ್ತದೆ. ನೀವು ನೋಡಿದ ಬಾಗು ಹೆಚ್ಚಾಗಿ ಇದೇ. ತೀರಾ ಗಾಢವಾದರೆ, ಸುಮಾರು 0.01 ಮೋಲಾರ್ ಮೀರಿದರೆ, ಅಣುಗಳು ಒಂದರ ಮೇಲೊಂದು ಪ್ರಭಾವ ಬೀರಿ ನಿಯಮವೂ ಸಡಿಲವಾಗುತ್ತದೆ. ಆದರೆ ಪರ್ಮಾಂಗನೇಟಿನ ಬಣ್ಣ ಎಷ್ಟು ಗಾಢವೆಂದರೆ ನೀವು ಅಲ್ಲಿಯತನಕ ಹೋಗಿರುವುದೇ ಇಲ್ಲ.

ಪರಿಹಾರ ಸುಲಭ: 5 ಮಿಲಿ ಪಿಪೆಟ್ ಮಾಡಿ 50 ಮಿಲಿಗೆ ತುಂಬಿಸಿ, 525 ನ್ಯಾನೋಮೀಟರಿನಲ್ಲಿ ಮತ್ತೆ ಓದಿ, ಬಂದ ಸಾರತೆಯನ್ನು 10ರಿಂದ ಗುಣಿಸಿ. ಓದು 0.2ರಿಂದ 0.8ರೊಳಗೆ ಬಿದ್ದರೆ ನೆಮ್ಮದಿ.

ಅಂದಹಾಗೆ, ಕ್ಯುವೆಟ್ಟನ್ನು (ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆ) ಮಸುಕು ಬದಿಯಲ್ಲೇ ಹಿಡಿಯಿರಿ. ಬೆಳಕು ಹಾಯುವ ಬದಿಯಲ್ಲಿ ಬೆರಳಚ್ಚು ಬಿದ್ದರೆ ಅದಕ್ಕೂ ಒಂದು ಅಬ್ಸಾರ್ಬೆನ್ಸ್ ಬರುತ್ತದೆ. ವೈವಾದಲ್ಲಿ ಇದನ್ನು ಕೇಳುವವರೂ ಇದ್ದಾರೆ!