ಸಂಪಾದಕರ ಉತ್ತರ: ಗಾಳಿ ಒಂಬತ್ತು ವರ್ಷ ಒಂದೇ ಕಡೆ ಬೀಸುವುದಿಲ್ಲ

(ಕಳೆದ ಸಂಚಿಕೆಯಲ್ಲಿ ಟರ್ಕಿಯ ಫುಟ್‌ಬಾಲ್ ಕುರಿತ ಬರಹದಲ್ಲಿ ‘ಇಸ್ತಾನ್‌ಬುಲ್‌ನ ಮೂರು ದೊಡ್ಡ ಕ್ಲಬ್‌ಗಳ ನಡುವೆ ಟ್ರಾಬ್ಜೋನ್‌ಸ್ಪೋರ್ ಕಡೆಗೂ ಒಂದಷ್ಟು ಕಾಲ ಅದೃಷ್ಟದ ಗಾಳಿ ಬೀಸಿತ್ತು’ ಎಂಬ ಒಂದು ಸಾಲಿತ್ತು. ಅದನ್ನೋದಿ ದಾವಣಗೆರೆಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಜರ್ಮನಿಯಲ್ಲಿ ಎಂಜಿನಿಯರ್. ಮಗನ ಸಹೋದ್ಯೋಗಿಯೊಬ್ಬರು ಟ್ರಾಬ್ಜೋನ್ ಮೂಲದವರು; ಅವರ ಟೋಪಿಯ ಮೇಲೂ ಕೀ ಗೊಂಚಲಿನ ಮೇಲೂ 61 ಎಂಬ ಅಂಕಿ ಇದೆಯಂತೆ. 2022ರಲ್ಲಿ ಆ ತಂಡ ಗೆದ್ದ ರಾತ್ರಿ ಆ ಮನುಷ್ಯ ಮಗುವಿನಂತೆ ಅತ್ತರಂತೆ. ‘ನಲವತ್ತು ವರ್ಷ ಮಕ್ಕಳನ್ನು ಆಡಿಸಿದವನು ನಾನು. ಒಂದು ಪಂದ್ಯವನ್ನು ಅದೃಷ್ಟದಿಂದ ಗೆಲ್ಲಬಹುದು, ಲೀಗ್ ಗೆಲ್ಲಲಾಗದು. ಏನು ನಡೆದಿತ್ತು ಆ ಊರಿನಲ್ಲಿ? ಆ 61 ಏನು? ಆ ಅಳು ಯಾಕೆ?’ ಎಂದು ಕೇಳಿದ್ದಾರೆ.)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಮಾತು ಸರಿ, ನಮ್ಮ ಸಾಲು ತಪ್ಪು. ಆ ಬರಹ ಅಚ್ಚಿಗೆ ಹೋಗುವ ಮುನ್ನ ಕೊನೆಯ ಸಲ ಓದಿದವನು ನಾನೇ. ಆದ್ದರಿಂದ ಉತ್ತರವನ್ನೂ ನಾನೇ, ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 1975–76ರಿಂದ 1983–84ರವರೆಗೆ ಒಂಬತ್ತು ಸೀಸನ್. ಅದರಲ್ಲಿ ಟ್ರಾಬ್ಜೋನ್‌ಸ್ಪೋರ್ ಆರು ಸಲ ಚಾಂಪಿಯನ್. ಉಳಿದ ಮೂರು ಸಲ ಎಷ್ಟನೇ ಸ್ಥಾನ ಗೊತ್ತೇ? ಮೂರು ಸಲವೂ ಎರಡನೆಯದು. ಒಂಬತ್ತು ವರ್ಷ ಆ ತಂಡ ಎರಡನೇ ಸ್ಥಾನಕ್ಕಿಂತ ಕೆಳಗೆ ಇಳಿಯಲೇ ಇಲ್ಲ. 1959ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದಾಗಿನಿಂದ 1975ರವರೆಗೆ ಲೀಗ್ ಪ್ರಶಸ್ತಿ ಫೆನರ್‌ಬಾಚೆ, ಗಲಾತಸರಾಯ್, ಬೆಶಿಕ್ತಾಶ್ ಈ ಮೂರು ಇಸ್ತಾನ್‌ಬುಲ್ ಕ್ಲಬ್‌ಗಳ ಕೈಬಿಟ್ಟು ಹೊರಗೆ ಹೋಗಿರಲಿಲ್ಲ. ಎಸ್ಕಿಶೆಹಿರ್‌ಸ್ಪೋರ್ ಮೂರು ಸಲ ಎರಡನೇ ಸ್ಥಾನದವರೆಗೆ ಬಂದು ನಿಂತಿತ್ತು. ಆ ಬಾಗಿಲನ್ನು ಮೊದಲು ಒಡೆದವರು ಕಪ್ಪು ಸಮುದ್ರದ ತೀರದ, ಇಸ್ತಾನ್‌ಬುಲ್‌ನಿಂದ ಸಾವಿರ ಕಿಲೋಮೀಟರ್ ಆಚೆಯ ಈ ಊರಿನವರು. ಅದೂ ಎರಡನೇ ದರ್ಜೆಯಿಂದ ಮೇಲಕ್ಕೆ ಬಂದ ಎರಡೇ ವರ್ಷಕ್ಕೆ.

ಇನ್ನು ‘ಏನು ನಡೆದಿತ್ತು ಆ ಊರಿನಲ್ಲಿ’ ಎಂಬ ಪ್ರಶ್ನೆ. ನಡೆದಿದ್ದು ಒಂದು ಜಗಳ, ಆಮೇಲೆ ಒಂದು ರಾಜಿ.

ಟ್ರಾಬ್ಜೋನ್‌ನಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಸಮತಟ್ಟು ನೆಲ ಸಿಕ್ಕುವುದೇ ಕಷ್ಟ. ಅಂಥ ಊರಿನಲ್ಲಿ ಕಳೆದ ಶತಮಾನದ ಇಪ್ಪತ್ತರ ದಶಕದಿಂದಲೇ ಫುಟ್‌ಬಾಲ್ ಕ್ಲಬ್‌ಗಳಿದ್ದವು. ಮುಖ್ಯವಾದವು ಎರಡು: ಇದ್ಮಾನೊಜಾಯಿ ಮತ್ತು ಇದ್ಮಾನ್‌ಗುಜು. ‘ಇದ್ಮಾನ್’ ಎಂದರೆ ಕಸರತ್ತು. ಮೊದಲನೆಯದರ ಹೆಸರಿಗೆ ‘ಕಸರತ್ತಿನ ಒಲೆ’ ಎಂಬ ಅರ್ಥ, ಎರಡನೆಯದಕ್ಕೆ ‘ಕಸರತ್ತಿನ ಬಲ’ ಎಂಬ ಅರ್ಥ. ಒಲೆಯವರದು ಹಳದಿ-ಕೆಂಪು, ಬಲದವರದು ಹಸಿರು-ಬಿಳಿ. ಊರು ಎರಡು ಪಾಲು. ನೀನು ಯಾವ ಕಡೆಯವನು ಎನ್ನುವುದು ಮನೆತನದ ಹೆಸರಿನಷ್ಟೇ ಗಟ್ಟಿ.

1960ರ ದಶಕದಲ್ಲಿ ಟರ್ಕಿಯ ಫುಟ್‌ಬಾಲ್ ಫೆಡರೇಶನ್ ಎರಡನೇ ದರ್ಜೆಯ ವೃತ್ತಿಪರ ಲೀಗ್ ತೆರೆಯಿತು. ಫೆಡರೇಶನ್‌ನ ಅಧ್ಯಕ್ಷರಾಗಿದ್ದ ಒರ್ಹಾನ್ ಶೆರೆಫ್ ಆಪಾಕ್ ಅವರು ಊರೂರಿಗೂ ಹೇಳುತ್ತಿದ್ದುದು ಒಂದೇ ಮಾತು: ಸಣ್ಣ ಕ್ಲಬ್‌ಗಳನ್ನು ಕೂಡಿಸಿ, ಊರಿನ ಹೆಸರಲ್ಲಿ ಒಂದು ತಂಡ ಕಟ್ಟಿ, ಲೀಗ್‌ಗೆ ಬನ್ನಿ. ಬುರ್ಸಾ, ಸಾಮ್ಸುನ್, ಎಸ್ಕಿಶೆಹಿರ್, ಕಾಯ್ಸೆರಿ ಹೀಗೇ ಬಂದವು. ಟ್ರಾಬ್ಜೋನ್‌ಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಇಷ್ಟು ವರ್ಷ ಯಾರ ಮುಖ ನೋಡಲೂ ಇಷ್ಟವಿರಲಿಲ್ಲವೋ ಅವರ ಜೊತೆ ಒಂದೇ ಅಂಗಿ ಹಾಕಿಕೊಳ್ಳುವುದು ಹೇಗೆ? 1966ರಲ್ಲಿ ಮಾಡಿದ ಮೊದಲ ಪ್ರಯತ್ನ ತಕರಾರಿನಲ್ಲೇ ಮುಗಿಯಿತು. ಕೊನೆಗೆ 1967ರ ಆಗಸ್ಟ್ 2ರಂದು ಇವೆರಡರ ಜೊತೆಗೆ ಕಾರಾದೆನಿಜ್‌ಗುಜು, ಮಾರ್ತಿಸ್ಪೋರ್ ಎಂಬ ಕ್ಲಬ್‌ಗಳೂ ಸೇರಿ ಟ್ರಾಬ್ಜೋನ್‌ಸ್ಪೋರ್ ಹುಟ್ಟಿತು.

ಬಣ್ಣದ ವಿಷಯ ಗಮನಿಸಿ, ಮೇಷ್ಟ್ರೇ. ಹಳದಿಯೂ ಇಲ್ಲ, ಹಸಿರೂ ಇಲ್ಲ. ಹೊಸ ತಂಡದ ಬಣ್ಣ ಕಡುಗೆಂಪು ಮತ್ತು ನೀಲಿ. ಆ ಎರಡು ಕಡೆಯವರಲ್ಲಿ ಯಾರೂ ತಮ್ಮ ಬಣ್ಣ ಗೆದ್ದಿತು ಎಂದು ಹೇಳುವಂತಿಲ್ಲ, ಯಾರೂ ಸೋತೆವು ಎಂದು ಮುನಿಸಿಕೊಳ್ಳುವಂತಿಲ್ಲ. ನನ್ನ ಮಟ್ಟಿಗೆ ಈ ಕ್ಲಬ್ಬಿನ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವು ಇದೇ. ಪ್ರಶಸ್ತಿಗಳೆಲ್ಲ ಆಮೇಲೆ ಬಂದವು.

ಅದೂ ತಕ್ಷಣ ಬರಲಿಲ್ಲ. ಏಳು ಸೀಸನ್ ಎರಡನೇ ದರ್ಜೆಯಲ್ಲೇ ಬೆವರು ಹರಿಸಿ, 1974ರಲ್ಲಿ ಮೇಲಿನ ಲೀಗ್‌ಗೆ ಬಡ್ತಿ ಪಡೆದರು. ತಂಡದಲ್ಲಿದ್ದವರು ಬಹುಪಾಲು ಅದೇ ಊರಿನ, ಅದೇ ತೀರದ ಹುಡುಗರು. ಕೋಚ್ ಅಹ್ಮೆತ್ ಸುವಾತ್ ಓಜ್‌ಯಾಜಿಜಿ ಕೂಡ ಊರಿನವರೇ. ಆರು ಪ್ರಶಸ್ತಿಗಳಲ್ಲಿ ನಾಲ್ಕು ಅವರ ಕೈಯಲ್ಲಿ ಬಂದವು, ಎರಡು ಓಜ್ಕಾನ್ ಸುಮೇರ್ ಕೈಯಲ್ಲಿ. ಅವರೂ ಟ್ರಾಬ್ಜೋನ್‌ನವರು.

ಗೋಲ್‌ಕೀಪರ್ ಶೆನೊಲ್ ಗುನೆಶ್ ಬಗ್ಗೆ ನಿಮಗೆ ವಿಶೇಷವಾಗಿ ಹೇಳಬೇಕು. ಅವರು ಶಿಕ್ಷಕ ತರಬೇತಿ ಪಡೆದವರು. ‘ಗುನೆಶ್’ ಎಂದರೆ ಸೂರ್ಯ. ಆರು ಪ್ರಶಸ್ತಿಗಳಲ್ಲೂ ಅವರು ತಂಡದಲ್ಲಿದ್ದರು. 1978–79ರ ಸೀಸನ್‌ನಲ್ಲಿ ಸಾವಿರದ ನೂರಕ್ಕೂ ಹೆಚ್ಚು ನಿಮಿಷ ಅವರ ಬಲೆಗೆ ಚೆಂಡು ಬೀಳಲಿಲ್ಲ. ತೊಂಬತ್ತು ನಿಮಿಷಕ್ಕೆ ಒಂದು ಪಂದ್ಯದಂತೆ ಲೆಕ್ಕ ಹಾಕಿ ನೋಡಿ: ಹನ್ನೆರಡು ಪಂದ್ಯ! ಇಡೀ ಸೀಸನ್‌ನ 30 ಪಂದ್ಯಗಳಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಏಳೇ ಗೋಲು. ಅದೃಷ್ಟದ ಗಾಳಿ ಎಂದು ಬರೆದೆವಲ್ಲ, ಆ ಏಳರ ಮುಂದೆ ಅದು ನಿಲ್ಲುವ ಮಾತಲ್ಲ. ಗೋಲು ಹೊಡೆಯುವುದರಲ್ಲಿ ಒಂದು ದಿನ ಅದೃಷ್ಟ ಕೈ ಹಿಡಿಯಬಹುದು. ಗೋಲು ಬಿಡದಿರುವುದು ದಿನಾ ಬೆಳಿಗ್ಗೆ ಎದ್ದು ಮಾಡುವ ಕೆಲಸ. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಜೆಯನ್ನು ಬಿಡಲಾರೆ. 1976ರ ಅಕ್ಟೋಬರ್ 20. ಯುರೋಪಿಯನ್ ಕಪ್ ಪಂದ್ಯಕ್ಕೆ ಲಿವರ್‌ಪೂಲ್ ತಂಡ ಟ್ರಾಬ್ಜೋನ್‌ಗೆ ಬಂದಿಳಿಯಿತು. ಇಂಗ್ಲೆಂಡಿನ ಚಾಂಪಿಯನ್ನರು, ಕೆವಿನ್ ಕೀಗನ್ ಇದ್ದ ತಂಡ. ಹುಸೇನ್ ಅವ್ನಿ ಅಕೇರ್ ಸ್ಟೇಡಿಯಂನಲ್ಲಿ ಟ್ರಾಬ್ಜೋನ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಹೊಡೆದವರು ಜೆಮಿಲ್ ಉಸ್ತಾ. ಅವರನ್ನು ಊರಿನವರು ಕರೆಯುತ್ತಿದ್ದುದು ‘ಡೋಜರ್ ಜೆಮಿಲ್’ ಎಂದು, ಬುಲ್ಡೋಜರಿನ ಡೋಜರ್. ಚೆಂಡು ಬಲೆ ಸೇರಿತು, ಪಂದ್ಯ 1–0. ಎರಡು ವಾರದ ನಂತರ ತನ್ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಮೊದಲ ಇಪ್ಪತ್ತು ನಿಮಿಷದೊಳಗೇ ಮೂರು ಗೋಲು ಹೊಡೆದು ಲೆಕ್ಕ ಚುಕ್ತಾ ಮಾಡಿತು ಎನ್ನುವುದೂ ನಿಜ, ಆ ವರ್ಷ ಯುರೋಪಿಯನ್ ಕಪ್ ಗೆದ್ದದ್ದೂ ಲಿವರ್‌ಪೂಲೇ. ಆದರೆ ಆ ಚಾಂಪಿಯನ್ನರನ್ನು ಒಂದು ರಾತ್ರಿ ಸೋಲಿಸಿದವರು ನಾವು ಎಂದು ಟ್ರಾಬ್ಜೋನ್‌ನ ಅಜ್ಜಂದಿರು ಇವತ್ತಿಗೂ ಹೇಳಿಕೊಳ್ಳಬಹುದು. ಜೆಮಿಲ್ 2003ರಲ್ಲಿ ತೀರಿಕೊಂಡರು. 2019–20ರ ಲೀಗ್ ಸೀಸನ್‌ಗೆ ಅವರ ಹೆಸರನ್ನೇ ಇಟ್ಟರು.

ಈಗ 61. ಟರ್ಕಿಯಲ್ಲಿ ವಾಹನಗಳ ನಂಬರ್ ಪ್ಲೇಟಿಗೆ ಪ್ರಾಂತ್ಯದ ಸಂಖ್ಯೆ ಇರುತ್ತದೆ, ನಮ್ಮಲ್ಲಿ ದಾವಣಗೆರೆಗೆ 17 ಇದ್ದ ಹಾಗೆ. ಅವರದು ಅಕ್ಷರಾನುಕ್ರಮದ ಪಟ್ಟಿ. ಟ್ರಾಬ್ಜೋನ್‌ಗೆ ಬಂದದ್ದು 61. ಇದಕ್ಕೊಂದು ಕಾಕತಾಳೀಯವೂ ಕೂಡಿಕೊಂಡಿದೆ: ಒಟ್ಟೊಮನ್ ಸುಲ್ತಾನ ಎರಡನೇ ಮೆಹ್ಮೆದ್ ಈ ಊರನ್ನು ಗೆದ್ದದ್ದು 1461ರಲ್ಲಿ. ಆ ಹೆಸರಿನದೇ ಇನ್ನೊಂದು ಕ್ಲಬ್ ಕೂಡ ಅಲ್ಲಿದೆ, 1461 ಟ್ರಾಬ್ಜೋನ್. ಪಂದ್ಯದ 61ನೇ ನಿಮಿಷ ಬಂತೆಂದರೆ ಸ್ಟೇಡಿಯಂ ಇಡೀ ಎದ್ದು ನಿಂತು ಕೂಗುತ್ತದೆ. ತಂಡ ಗೆಲ್ಲುತ್ತಿರಲಿ, ಸೋಲುತ್ತಿರಲಿ. ‘ಬಿಜೆ ಹೆರ್ ಯೆರ್ ಟ್ರಾಬ್ಜೋನ್’ ಎಂಬುದು ಅವರ ಇನ್ನೊಂದು ಘೋಷಣೆ: ನಮಗೆ ಎಲ್ಲ ಊರೂ ಟ್ರಾಬ್ಜೋನೇ. ಹೊಟ್ಟೆಪಾಡಿಗೆ ಇಸ್ತಾನ್‌ಬುಲ್‌ಗೂ ಜರ್ಮನಿಗೂ ಹೋದವರ ಬಾಯಲ್ಲಿ ಆ ಮಾತಿಗೆ ಬೇರೆಯೇ ತೂಕ. ನಿಮ್ಮ ಮಗನ ಸಹೋದ್ಯೋಗಿಯ ಕೀ ಗೊಂಚಲಿನಲ್ಲಿ ತೂಗುತ್ತಿರುವುದು ಊರಿನ ಗುರುತು.

ಕೊನೆಯ ಪ್ರಶ್ನೆ, ಆ ಅಳು. 1984ರ ನಂತರ ಲೀಗ್ ಪ್ರಶಸ್ತಿ ಬರಲಿಲ್ಲ. ಲೀಗ್‌ಗೆ ಹೊರತಾದ ಟರ್ಕಿಶ್ ಕಪ್ ಬರುತ್ತಿತ್ತು, ಯುರೋಪಿನಲ್ಲಿ ಆಗೀಗ ದೊಡ್ಡ ಗೆಲುವೂ ಬರುತ್ತಿತ್ತು. 1990ರಲ್ಲಿ ಬಾರ್ಸಿಲೋನಾವನ್ನು ಮನೆಯಲ್ಲಿ 1–0ಯಿಂದ ಸೋಲಿಸಿ, ಅಲ್ಲಿಗೆ ಹೋಗಿ 7–2ರಿಂದ ಸೋತು ಬಂದರು. 1994ರಲ್ಲಿ ಆಸ್ಟನ್ ವಿಲ್ಲಾವನ್ನು ಯುಯೆಫಾ ಕಪ್‌ನಿಂದ ಹೊರಗಟ್ಟಿದರು. ವಿಲ್ಲಾದ ಬಣ್ಣವೂ ಕಡುಗೆಂಪು-ನೀಲಿಯೇ. ಆದರೆ ಲೀಗ್ ಮಾತ್ರ ಕೈಗೆ ಬಂದಂತೆ ಬಂದು ಜಾರುತ್ತಿತ್ತು.

1996ರ ಮೇ 5ನ್ನು ಟ್ರಾಬ್ಜೋನ್ ಇವತ್ತಿಗೂ ಮರೆತಿಲ್ಲ. ತವರು ಮೈದಾನ, ಎದುರು ಫೆನರ್‌ಬಾಚೆ, ಪಟ್ಟಿಯ ತುದಿಯಲ್ಲಿ ಟ್ರಾಬ್ಜೋನ್. ಈಗ ಕೋಚ್ ಆಗಿ ಬದಿಯಲ್ಲಿ ನಿಂತಿದ್ದವರು ಅದೇ ಶೆನೊಲ್ ಗುನೆಶ್. ಮೊದಲ ಗೋಲು ಟ್ರಾಬ್ಜೋನ್‌ನದೇ. ಆಮೇಲೆ ಫೆನರ್‌ಬಾಚೆಯ ಒಗುಜ್ ಸಮ ಮಾಡಿದರು, ಆಯ್ಕುತ್ ಕೊಜಾಮಾನ್ ಎರಡನೆಯದನ್ನು ಹೊಡೆದರು. 1–2. ಪ್ರಶಸ್ತಿ ಇಸ್ತಾನ್‌ಬುಲ್‌ಗೆ ಹೋಯಿತು.

ಹದಿನೈದು ವರ್ಷದ ನಂತರ, 2010–11. ಟ್ರಾಬ್ಜೋನ್‌ನ ಕೋಚ್ ಮತ್ತೆ ಗುನೆಶ್, ಫೆನರ್‌ಬಾಚೆಯ ಕೋಚ್ ಅದೇ ಆಯ್ಕುತ್ ಕೊಜಾಮಾನ್. ಸೀಸನ್ ಮುಗಿದಾಗ ಇಬ್ಬರದೂ 82 ಅಂಕ. ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು ನೋಡಿದರು: ಟ್ರಾಬ್ಜೋನ್ ಇಸ್ತಾನ್‌ಬುಲ್‌ನಲ್ಲಿ 0–2ರಿಂದ ಸೋತಿತ್ತು, ತವರಿನಲ್ಲಿ 3–2ರಿಂದ ಗೆದ್ದಿತ್ತು. ಎರಡೂ ಪಂದ್ಯ ಸೇರಿಸಿದರೆ ಒಂದು ಗೋಲಿನ ಅಂತರ. ಫೆನರ್‌ಬಾಚೆ ಚಾಂಪಿಯನ್. ಅದಾಗಿ ಆರು ವಾರಕ್ಕೆ, ಜುಲೈ 3ರಂದು, ಮ್ಯಾಚ್ ಫಿಕ್ಸಿಂಗ್ ತನಿಖೆಯ ಬಂಧನಗಳು ಶುರುವಾದವು. ಫೆನರ್‌ಬಾಚೆಯನ್ನು ಆ ವರ್ಷದ ಚಾಂಪಿಯನ್ಸ್ ಲೀಗ್‌ನಿಂದ ಹಿಂದಕ್ಕೆ ತೆಗೆದು ಟ್ರಾಬ್ಜೋನ್ ಅನ್ನು ಕಳುಹಿಸಿದರು. ಮೊದಲ ಪಂದ್ಯದಲ್ಲೇ ಅವರು ಮಿಲಾನಿನಲ್ಲಿ ಇಂಟರ್ ತಂಡವನ್ನು 1–0ಯಿಂದ ಸೋಲಿಸಿದರು. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. 2012ರಲ್ಲಿ ಫೆನರ್‌ಬಾಚೆಯ ಅಧ್ಯಕ್ಷರಿಗೆ ಶಿಕ್ಷೆಯಾಯಿತು, 2013ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಆ ಕ್ಲಬ್ಬಿಗೆ ನಿಷೇಧ ಹಾಕಿತು; ಮುಂದೆ ಮರುವಿಚಾರಣೆಯಲ್ಲಿ ಅಧ್ಯಕ್ಷರು ಖುಲಾಸೆಯಾದರು, ತನಿಖೆ ನಡೆಸಿದವರ ಮೇಲೆಯೇ ಸಂಚಿನ ಆರೋಪ ಬಂತು. ಪ್ರಶಸ್ತಿ ತಮಗೆ ಸೇರಬೇಕೆಂದು ಟ್ರಾಬ್ಜೋನ್ ತಟ್ಟಿದ ಬಾಗಿಲು ಯಾವುದೂ ತೆರೆಯಲಿಲ್ಲ. ದಾಖಲೆಯ ಪ್ರಕಾರ ಆ ಪ್ರಶಸ್ತಿ ಫೆನರ್‌ಬಾಚೆಯದೇ, ಪತ್ರಿಕೆಯಾಗಿ ನಾವೂ ಹಾಗೆಯೇ ಬರೆಯಬೇಕು. ಆದರೆ ಟ್ರಾಬ್ಜೋನ್‌ನವರ ಹತ್ತಿರ ಈ ಮಾತು ತೆಗೆಯುವಾಗ ನಿಮ್ಮ ಮಗ ಸ್ವಲ್ಪ ಹುಷಾರಾಗಿರಲಿ. ಅದು ಒಣಗದ ಗಾಯ.

ಇಷ್ಟೆಲ್ಲ ಬೆನ್ನಿಗಿಟ್ಟುಕೊಂಡು 2022ರ ಏಪ್ರಿಲ್ 30 ಬಂತು. ಹಳೆಯ ಅವ್ನಿ ಅಕೇರ್ ಸ್ಟೇಡಿಯಂ ಅಷ್ಟರಲ್ಲಿ ಇರಲಿಲ್ಲ. ಆಕ್ಯಾಜಿಯಲ್ಲಿ ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲೆ ಹೊಸದು ಎದ್ದಿತ್ತು, ಶೆನೊಲ್ ಗುನೆಶ್ ಅವರ ಹೆಸರಿನಲ್ಲೇ. ಆಂತಾಲ್ಯಾಸ್ಪೋರ್ ಎದುರು 2–2 ಡ್ರಾ ಆಯಿತು, ಒಂದು ಅಂಕ ಸಾಕಾಗಿತ್ತು. ಇನ್ನೂ ಮೂರು ಪಂದ್ಯ ಬಾಕಿಯಿರುವಾಗಲೇ ಟ್ರಾಬ್ಜೋನ್‌ಸ್ಪೋರ್ ಚಾಂಪಿಯನ್. 38 ವರ್ಷ! 1984ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ನಲವತ್ತೆಂಟು. ಅವನ ಮಕ್ಕಳು ತಮ್ಮ ತಂಡ ಲೀಗ್ ಗೆದ್ದದ್ದನ್ನು ನೋಡೇ ಇರಲಿಲ್ಲ. ಅಪ್ಪಂದಿರಲ್ಲಿ ಎಷ್ಟೋ ಜನ ಇದನ್ನು ನೋಡಲು ಉಳಿದಿರಲಿಲ್ಲ. ಆ ಅಳು ಬಂದದ್ದು ಅಲ್ಲಿಂದ ಎಂದು ನನಗನ್ನಿಸುತ್ತದೆ.

ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಮೊದಲ ಆರು ಪ್ರಶಸ್ತಿ ಊರ ಹುಡುಗರು ತಂದದ್ದು. ಏಳನೆಯದನ್ನು ಕೋಚ್ ಅಬ್ದುಲ್ಲಾ ಅವ್ಜಿ ಗೆದ್ದದ್ದು ಸ್ಲೊವಾಕಿಯಾದ ಹಾಮ್ಶಿಕ್, ನೈಜೀರಿಯಾದ ನ್ವಾಕೇಮೆ, ಡೆನ್ಮಾರ್ಕಿನ ಕಾರ್ನೀಲಿಯಸ್, ಗ್ರೀಸಿನ ಬಕಾಸೆಟಾಸ್ ಇವರನ್ನೆಲ್ಲ ಕಟ್ಟಿಕೊಂಡು. ಗೋಲಿನ ಮುಂದೆ ಮಾತ್ರ ಕ್ಲಬ್ಬಿನಲ್ಲೇ ಬೆಳೆದ ಊರ್ಜಾನ್ ಚಾಕಿರ್ ನಿಂತಿದ್ದರು. ಹಳೆಯ ತಂಡವೇ ನನಗೆ ಹೆಚ್ಚು ಇಷ್ಟ. ಆದರೂ ಒಬ್ಬ ಗ್ರೀಕ್ ಆಟಗಾರನನ್ನು ಟ್ರಾಬ್ಜೋನ್ ಎತ್ತಿ ಮೆರೆಸಿದ್ದು ಸಣ್ಣ ಮಾತಲ್ಲ. ಈ ತೀರದಲ್ಲಿ ಆಗ ಉಳಿದಿದ್ದ ಆರ್ಥೊಡಾಕ್ಸ್ ಕ್ರೈಸ್ತ ಗ್ರೀಕರನ್ನು 1923ರಲ್ಲಿ ಟರ್ಕಿ ಮತ್ತು ಗ್ರೀಸ್ ಒಪ್ಪಿಕೊಂಡ ಜನಸಂಖ್ಯಾ ವಿನಿಮಯದಲ್ಲಿ ಗ್ರೀಸಿಗೆ ಕಳುಹಿಸಲಾಗಿತ್ತು. ಟ್ರಾಬ್ಜೋನ್‌ನ ಕುಣಿತಕ್ಕೆ ನುಡಿಸುವ ಮೂರು ತಂತಿಯ ಕೆಮೆಂಚೆಯನ್ನು ಹಾಗೆ ಹೋದವರ ಮೊಮ್ಮಕ್ಕಳು ಅಲ್ಲಿ ಇಂದಿಗೂ ನುಡಿಸುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಆ ಸಾಲಿನ ತಿದ್ದುಪಡಿ ಅಚ್ಚಾಗುತ್ತದೆ. ಅಷ್ಟರಲ್ಲಿ ಒಂದು ಕೆಲಸ ಆಗಬೇಕು. ನಿಮ್ಮ ಮಗ ಆ ಸಹೋದ್ಯೋಗಿಯನ್ನು ಒಂದು ಮಾತು ಕೇಳಲಿ: 1967ಕ್ಕಿಂತ ಮೊದಲು ನಿಮ್ಮ ತಾತ ಯಾವ ಕಡೆ ಇದ್ದರು, ಒಲೆಯ ಕಡೆಯೋ, ಬಲದ ಕಡೆಯೋ? ಏನೆಂದರು ಎಂದು ನಮಗೂ ಬರೆಯಿರಿ.

ನಿಮ್ಮ,
ಸಂಪಾದಕ